ಬೀದರಿನ ಬೆರಗೆಲ್ಲ ಕಾಲಡಿಯ ಕೆಂಪು ಕಲ್ಲಿನಲ್ಲಿ

ಬೀದರಿನ ಚಿದ್ರಿಯಲ್ಲಿ ಮಾಳಿಗೆಯ ಮೇಲೆ ಚಹಾ ಹಿಡಿದು ನಿಂತಿದ್ದೆ. ಇದ್ದಕ್ಕಿದ್ದಂತೆ ಆಕಾಶ ಹರಿದ ಸದ್ದು! ನೆಂಟರ ಮನೆಯ ಮಕ್ಕಳೆಲ್ಲ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಂದರು. "ಕಾಕಾ, ಅಲ್ಲಿ ನೋಡ್ರಿ, ಮತ್ತೊಂದು ಬಂತು!" ಬೀದರ್ ವಾಯುನೆಲೆಯ ತರಬೇತಿ ವಿಮಾನಗಳು ಊರಿನ ನೆತ್ತಿಯ ಮೇಲೆ ಸುತ್ತು ಹಾಕುತ್ತಿದ್ದವು. ದೇಶವೆಲ್ಲ ಕತ್ತೆತ್ತಿ ನೋಡುವ ಸೂರ್ಯಕಿರಣ ತಂಡ ಹಾಕ್ ವಿಮಾನಗಳನ್ನು ಹಾರಿಸುವುದು ಇದೇ ನೆಲೆಯಿಂದ. ಇಲ್ಲಿಯ ಮಕ್ಕಳಿಗೆ ಇದು ದಿನದ ಮಾತು; ಆದರೂ ಒಬ್ಬರಿಗೂ ಬೇಸರ ಬಂದಂತೆ ಕಾಣಲಿಲ್ಲ. ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ.

ಆಮೇಲೆ ಆ ಮಕ್ಕಳ ದಂಡನ್ನೇ ಕಟ್ಟಿಕೊಂಡು ಊರು ಸುತ್ತಲು ಹೊರಟೆ. ಸಂಜೆಯಾಗುವಷ್ಟರಲ್ಲಿ ಒಂದು ಸಂಗತಿ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು: ಬೀದರಿನ ಬೆರಗು ಇರುವುದೆಲ್ಲ ಕಾಲಡಿಯಲ್ಲಿ! ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದಲ್ಲಿ ಹಾಸಿಕೊಂಡಿರುವ ಈ ಕೆಂಪು ಕಲ್ಲಿನ ಬಯಲು, ನಾವು ಜಂಬಿಟ್ಟಿಗೆ ಎನ್ನುವ ಆ ತೂತು ತೂತಾದ ಕಲ್ಲು, ಇದೊಂದೇ ಈ ಊರಿಗೆ ಕೋಟೆ ಕೊಟ್ಟಿದೆ, ಕಂದಕ ಕೊಟ್ಟಿದೆ, ಕುಡಿಯುವ ನೀರು ಕೊಟ್ಟಿದೆ, ದೇವರಿಗೆ ಗುಹೆ ಕೊಟ್ಟಿದೆ. ಕೊನೆಗೆ ಬೆಳ್ಳಿತಂತಿ ಕೂಡಿಸಿದ ಇಲ್ಲಿಯ ಬಿದರಿ ಹೂಜಿಯ ಮೈಗೆ ಆ ಕಡುಗಪ್ಪನ್ನು ಕೊಡುವುದೂ ಇದೇ ನೆಲದ ಮಣ್ಣು.

ಮೊದಲು ಕಿಲ್ಲಾ. ಇಲ್ಲಿ ಯಾರೂ ಕೋಟೆ ಎನ್ನುವುದಿಲ್ಲ, ಆಟೋದವರೂ "ಕಿಲ್ಲಾಕ್ ಹೋಗ್ತೀರೇನ್ರಿ?" ಎಂದೇ ಕೇಳುತ್ತಾರೆ. ಬಹಮನಿ ಸುಲ್ತಾನ ಒಂದನೆಯ ಅಹಮದ್ ಶಾಹ 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದು ಕಟ್ಟಿಸಿದ ಕೋಟೆ. ಗೋಡೆಯನ್ನು ಎಲ್ಲರೂ ನೋಡುತ್ತಾರೆ. ನೀವು ಸೇತುವೆಯ ಅಂಚಿಗೆ ನಿಂತು ಕೆಳಗೆ ಬಗ್ಗಿ ನೋಡಿ. ಕಂದಕ ಒಂದಲ್ಲ, ಮೂರು! ಒಂದರ ಪಕ್ಕ ಒಂದು, ನಡುವೆ ಬಂಡೆಯದೇ ಗೋಡೆಗಳು. ಆ ನಡುಗೋಡೆಗಳನ್ನು ಯಾರೂ ಕಟ್ಟಿಲ್ಲ. ಇಡೀ ನೆಲವನ್ನು ಕಡಿದು ಕಡಿದು, ಬೇಕಾದಷ್ಟು ಬಂಡೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಜಂಬಿಟ್ಟಿಗೆಯ ಗುಣವೇ ಅದು. ಹೊಸದಾಗಿ ಕಡಿದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಕುತ್ತಾ ಹೋದಂತೆ ಗಟ್ಟಿಯಾಗುತ್ತದೆ. ಕಡಿದು ತೆಗೆದ ಕಲ್ಲೇ ಮೇಲಿನ ಗೋಡೆಗೆ ಒದಗಿರಬೇಕು ಎಂದು ನನಗೆ ಹೊಳೆದಾಗ ಮೈ ಜುಮ್ಮೆಂದಿತು. ಒಂದೇ ಕೆಲಸಕ್ಕೆ ಎರಡು ಫಲ: ಕೆಳಗೆ ಆಳ, ಮೇಲೆ ಎತ್ತರ!

ಶರ್ಜಾ ದರ್ವಾಜಾದ ಮೇಲಿನ ಹುಲಿಗಳನ್ನು ಮಕ್ಕಳೇ ಮೊದಲು ಕಂಡುಹಿಡಿದರು. ಅದನ್ನು ದಾಟಿ ಒಳಗೆ ಹೋಗುವಾಗ ಅವರಿಗೆ ಅಫನಾಸಿ ನಿಕಿತಿನ್‌ನ ಕತೆ ಹೇಳಿದೆ. ರಷ್ಯಾದ ತ್ವೇರ್ ಊರಿನ ವ್ಯಾಪಾರಿ, ಕುದುರೆ ಮಾರಲು ಸಮುದ್ರಗಳನ್ನು ದಾಟಿ ಬಂದವನು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಕಾಲು ಶತಮಾನಕ್ಕೂ ಮೊದಲೇ, 1470ರ ಆಸುಪಾಸಿನಲ್ಲಿ, ಅವನು ಬೀದರಿನ ಬೀದಿಗಳಲ್ಲಿ ಓಡಾಡುತ್ತಿದ್ದ! ಸುಲ್ತಾನನ ಅರಮನೆಗೆ ಏಳು ಬಾಗಿಲು, ಪ್ರತಿ ಬಾಗಿಲಲ್ಲೂ ಕಾವಲುಗಾರರು, ಜೊತೆಗೆ ಒಳಗೆ ಹೋಗುವವರ ಹೊರಗೆ ಬರುವವರ ಹೆಸರು ಬರೆದುಕೊಳ್ಳುವ ಲೆಕ್ಕಿಗರು ಎಂದು ಬರೆದಿಟ್ಟಿದ್ದಾನೆ. "ಅಂದ್ರ ನಮ್ಮ ಹೆಸರೂ ಬರಕೊಂತಿದ್ರಾ?" ಎಂದು ಚಿಕ್ಕವಳೊಬ್ಬಳು ಕೇಳಿದಳು. ಆಮೇಲೆ ಸಿಕ್ಕ ಪ್ರತಿ ಬಾಗಿಲಲ್ಲೂ ನಿಂತು ತನ್ನ ಹೆಸರು, ಅಪ್ಪನ ಹೆಸರು, ಊರು ಚಿದ್ರಿ ಎಂದು ಗಟ್ಟಿಯಾಗಿ ಕೂಗಿ ಹೇಳಿಯೇ ಮುಂದೆ ಹೋದಳು.

ಕೋಟೆಯೊಳಗಿನ ವಸ್ತು ಸಂಗ್ರಹಾಲಯ ನೋಡಲು ಮರೆಯಬೇಡಿ. ಪುರಾತತ್ತ್ವ ಇಲಾಖೆಯವರು ಅದನ್ನು ಇಟ್ಟಿರುವುದು ಹಳೆಯ ಶಾಹಿ ಹಮಾಮಿನಲ್ಲಿ. ರಾಜಮನೆತನದವರು ಬಿಸಿನೀರು ಮೀಯುತ್ತಿದ್ದ ಕೋಣೆಗಳಲ್ಲಿ ಈಗ ಶಿಲ್ಪಗಳು, ಆಯುಧಗಳು! ಮಕ್ಕಳು ಖಡ್ಗಗಳ ಹತ್ತಿರ ಗುಂಪುಗಟ್ಟಿದರು. ನಾನು ಮಾತ್ರ ಮೇಲೆ ಗುಮ್ಮಟ ನೋಡುತ್ತಾ ಈ ಕಟ್ಟಡಕ್ಕೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಯೋಚಿಸುತ್ತಿದ್ದೆ. ಬೋಳು ಬಂಡೆಯ ನೆತ್ತಿಯ ಮೇಲೆ ಹಮಾಮು, ಹೊರಗೆ ಲಾಲ್ ಬಾಗ್, ಅದರಲ್ಲಿ ಕಾರಂಜಿ! ಉತ್ತರ ಸಿಕ್ಕಿದ್ದು ಆಮೇಲೆ, ನೌಬಾದಿನಲ್ಲಿ.

ಅದಕ್ಕೆ ಮೊದಲು ರಂಗೀನ್ ಮಹಲು. ಬಾಗಿಲಿಗೆ ಬೀಗ ಇರುವುದುಂಟು. ನಾಚಿಕೆಪಡದೆ ಸಿಬ್ಬಂದಿಯನ್ನು ಕೇಳಿ ತೆಗೆಸಿಕೊಳ್ಳಿ. ಬಹಮನಿಗಳ ನಂತರ ಇಲ್ಲಿ ಆಳಿದ ಬರೀದ್ ಶಾಹಿಗಳ ಅಲಿ ಬರೀದ್ (1542–1580) ಇದನ್ನು ತನ್ನ ಮನಸ್ಸಿನಂತೆ ಮಾಡಿಸಿಕೊಂಡ. ಮುಂದಿನ ಅಂಕಣದಲ್ಲಿ ಕೆತ್ತನೆಯ ಮರದ ಕಂಬಗಳು. ಅವನ್ನು ದಾಟಿ ಒಳಕೋಣೆಯ ಬಾಗಿಲಿಗೆ ಬನ್ನಿ, ಉಸಿರು ಬಿಗಿಹಿಡಿಯಿರಿ. ಕಪ್ಪು ಕಲ್ಲಿನಲ್ಲಿ ಬಳ್ಳಿಯ ಆಕಾರಕ್ಕೆ ತಗ್ಗು ತೋಡಿ, ಅದರೊಳಗೆ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂಡಿಸಿದ್ದಾರೆ. ಎದುರು ನಿಂತರೆ ಬಿಳಿ. ಒಂದು ಹೆಜ್ಜೆ ಎಡಕ್ಕೆ ಸರಿದರೆ ತಿಳಿ ಗುಲಾಬಿ. ಬಲಕ್ಕೆ ಬಾಗಿದರೆ ಹಸಿರು! ನಾಲ್ಕೂವರೆ ಶತಮಾನದ ನಂತರವೂ ಚಿಪ್ಪು ಬಣ್ಣ ಬದಲಿಸುತ್ತಲೇ ಇದೆ. ಮಕ್ಕಳು ಆ ಬಾಗಿಲ ಮುಂದೆ ಎಡಕ್ಕೂ ಬಲಕ್ಕೂ ತೂಗಾಡುತ್ತಾ ನಿಂತುಬಿಟ್ಟರು, ಅವರನ್ನು ಅಲ್ಲಿಂದ ಎಬ್ಬಿಸುವುದೇ ದೊಡ್ಡ ಕೆಲಸವಾಯಿತು. ಸಮುದ್ರ ಎಲ್ಲಿ, ಬೀದರ್ ಎಲ್ಲಿ! ಯಾವ ಕಡಲಿನ ಚಿಪ್ಪು ಯಾರ ಎತ್ತಿನ ಬೆನ್ನೇರಿ ಈ ಘಟ್ಟ ಹತ್ತಿತೋ! ನಮ್ಮ ನಾಡಿನಲ್ಲಿ ಒಂದು ಬಾಗಿಲಿಗಾಗಿಯೇ ಊರಿಂದ ಊರಿಗೆ ಹೋಗಬೇಕು ಎಂದರೆ, ನನ್ನ ಮಟ್ಟಿಗೆ ಅದು ಈ ಬಾಗಿಲು.

ಪಕ್ಕದಲ್ಲೇ ಸೋಲಾ ಖಂಬಾ ಮಸೀದಿ, 1423–24ರದ್ದು, ಎಂದರೆ ಬೀದರ್ ರಾಜಧಾನಿಯಾಗುವುದಕ್ಕೂ ಮೊದಲಿನದು. ದುಂಡು ಕಂಬಗಳ ಕಾಡು. ಬಿಸಿಲಿನಲ್ಲಿ ಸುತ್ತಿ ಬಂದವರಿಗೆ ಅದರೊಳಗಿನ ತಂಪೇ ಒಂದು ಊಟ. ತಖ್ತ್ ಮಹಲಿನ ಕಮಾನಿನ ಮೇಲೆ ಹುಲಿಯ ಬೆನ್ನಿಗೆ ಉದಯಿಸುವ ಸೂರ್ಯನನ್ನು ಹುಡುಕುವ ಆಟ ಆಡಿಸಿ, ಬುರುಜುಗಳ ಮೇಲಿನ ಭಾರಿ ತೋಪುಗಳನ್ನು ಮುಟ್ಟಿಸಿ, ಹೊರಗೆ ಬಂದೆವು.

ಈಗ ನೌಬಾದ್. ಇಲ್ಲಿ ನೋಡಬೇಕಾದದ್ದು ನೆಲದೊಳಗಿದೆ. ಜನ ಸುರಂಗ ಬಾವಿ ಎನ್ನುತ್ತಾರೆ, ಬಲ್ಲವರು ಕರೇಜ್ ಎನ್ನುತ್ತಾರೆ. ಹೊಲದಲ್ಲಿ ನಡೆಯುತ್ತಾ ಹೋದರೆ ಅಲ್ಲೊಂದು ಇಲ್ಲೊಂದು, ಸಾಲಾಗಿ, ಚೌಕಾಕಾರದ ಬಾವಿಯಂಥ ಬಾಯಿಗಳು, ಇಂಥವು 21. ಇವು ಬಾವಿಗಳಲ್ಲ, ಕೆಳಗೆ ಬಂಡೆಯೊಳಗೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ ಹರಿಯುವ ಒಂದು ನೀರಿನ ಸುರಂಗಕ್ಕೆ ಗಾಳಿ ಬೆಳಕಿನ ಕಿಂಡಿಗಳು! ಹದಿನೈದನೆಯ ಶತಮಾನದಲ್ಲಿ, ಪರ್ಷಿಯಾದ ಮರಳುಗಾಡಿನ ವಿದ್ಯೆ ಕಲಿತವರು ಇದನ್ನು ಇಲ್ಲಿ ತೋಡಿಸಿದರು.

ಇದರ ಹಿಕಮತ್ತು ಕೇಳಿ. ಮೇಲೆ ಜಂಬಿಟ್ಟಿಗೆ, ಮಳೆ ಬಿದ್ದರೆ ಹೀರಿಕೊಳ್ಳುತ್ತದೆ. ಕೆಳಗೆ ಕರಿ ಬಂಡೆ, ನೀರನ್ನು ಸುಲಭಕ್ಕೆ ಇಳಿಯಗೊಡುವುದಿಲ್ಲ. ನಡುವೆ ಸಿಕ್ಕಿಕೊಂಡ ನೀರು ಬಿರುಕುಗಳಲ್ಲಿ ಹರಿದು ಹಾದಿ ಹುಡುಕುತ್ತದೆ. ಆ ಹಾದಿಗೆ ಅಡ್ಡಲಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ ಒಂದು ಸುರಂಗ ಕೊರೆದುಬಿಟ್ಟರೆ? ನೀರು ತಾನಾಗಿಯೇ ಹನಿಹನಿಯಾಗಿ ಅದರೊಳಗೆ ಇಳಿದು, ತಾನಾಗಿಯೇ ಊರಿನ ಕಡೆಗೆ ಹರಿಯುತ್ತದೆ. ಏತ ಬೇಡ, ಕಪಿಲೆ ಬೇಡ, ಮೋಟರು ಬೇಡ, ಕರೆಂಟು ಬೇಡ. ಇಳಿಜಾರು ಸ್ವಲ್ಪ ಹೆಚ್ಚಾದರೆ ನೀರು ನೆಲ ಕೊರೆಯುತ್ತದೆ, ಕಡಿಮೆಯಾದರೆ ನಿಂತುಬಿಡುತ್ತದೆ. ದೀಪದ ಬೆಳಕಿನಲ್ಲಿ, ಉಳಿ ಸುತ್ತಿಗೆಯಲ್ಲಿ, ಎರಡು ಕಿಂಡಿಗಳಿಂದ ಎದುರುಬದುರಾಗಿ ಕಡಿಯುತ್ತಾ ಬಂದವರು ನೆಲದಡಿಯಲ್ಲಿ ಒಬ್ಬರನ್ನೊಬ್ಬರು ಸರಿಯಾಗಿ ಸಂಧಿಸಿದರಲ್ಲ, ಅವರ ಲೆಕ್ಕಾಚಾರಕ್ಕೆ ಏನೆನ್ನಬೇಕು!

ಹೂಳು ತುಂಬಿ ಮರೆತೇಹೋಗಿದ್ದ ಇದು ಮತ್ತೆ ಬೆಳಕಿಗೆ ಬಂದದ್ದು ನಮ್ಮ ಕಾಲದಲ್ಲಿ. ಭೂಗೋಳದ ಅಧ್ಯಾಪಕರು, ಊರಿನ ಹುರುಪಿನ ಯುವಕರು, ಜಿಲ್ಲಾಡಳಿತ ಎಲ್ಲರೂ ಕೂಡಿ ಹೂಳೆತ್ತಿಸಿದರು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2014ರ ತನ್ನ ಪಟ್ಟಿಯಲ್ಲಿ ಬೀದರ್ ನಗರವನ್ನು ಸೇರಿಸಿ ಜಗತ್ತಿಗೆ ತೋರಿಸಿತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುವ ಈ ಸೀಮೆಯ ಮಕ್ಕಳಿಗೆ, ಆರುನೂರು ವರ್ಷದ ಹಿಂದೆ ಇದೇ ನೆಲದಲ್ಲಿ ನೀರು ಹೇಗೆ ಹುಡುಕಿದರು ಎಂದು ತೋರಿಸುವುದಕ್ಕಿಂತ ದೊಡ್ಡ ಪಾಠ ಯಾವ ಸಂಗ್ರಹಾಲಯದಲ್ಲೂ ಇಲ್ಲ ಎಂದು ನಾನು ನಂಬಿದ್ದೇನೆ. ಕಿಂಡಿಯ ಅಂಚಿಗೆ ಚಿಕ್ಕವರನ್ನು ಒಬ್ಬೊಬ್ಬರನ್ನೇ ಬಿಡಬೇಡಿ, ಕೈ ಹಿಡಿದುಕೊಂಡೇ ನೋಡಿ.

ಇದು ತಿಳಿದ ಮೇಲೆ ಊರಿನ ಉಳಿದ ನೀರೆಲ್ಲ ಒಂದೇ ಕತೆ ಹೇಳತೊಡಗಿತು. ಬಯಲಿನ ಅಂಚು ಎಲ್ಲಿ ಕಡಿದು ಇಳಿಯುತ್ತದೋ ಅಲ್ಲೆಲ್ಲ ಕೆಂಪು ಕಲ್ಲು ತನ್ನ ನೀರನ್ನು ಹೊರಗೆ ಬಿಡುತ್ತದೆ. ಎಲ್ಲಿ ನೀರು ಬಿಟ್ಟಿದೆಯೋ ಅಲ್ಲೊಬ್ಬ ದೇವರು ನೆಲೆಸಿದ್ದಾನೆ! ಪಾಪನಾಶದಲ್ಲಿ ಶಿವ. ನಾನಕ್ ಝೀರಾದಲ್ಲಿ ಗುರು. ಹದಿನಾರನೆಯ ಶತಮಾನದ ಮೊದಲ ವರ್ಷಗಳಲ್ಲಿ ಗುರು ನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿ ಕುಡಿಯುವ ನೀರಿಗೆ ಬರವಿತ್ತಂತೆ. ಗುರುಗಳು ಪಾದದಿಂದ ಕಲ್ಲೊಂದನ್ನು ಸರಿಸಿದರು, ಸಿಹಿನೀರು ಚಿಮ್ಮಿತು ಎಂಬುದು ಭಕ್ತರ ನಂಬಿಕೆ. ಅದು ಇಂದಿಗೂ ಹರಿಯುತ್ತಿದೆ. ಗುರುದ್ವಾರದ ಆವರಣದಲ್ಲಿ ಗುರು ತೇಗ್ ಬಹಾದ್ದೂರರ ಹೆಸರಿನ ಸಂಗ್ರಹಾಲಯವಿದೆ. ಸಿಖ್ ಇತಿಹಾಸವನ್ನೆಲ್ಲ ದೊಡ್ಡ ದೊಡ್ಡ ಚಿತ್ರಗಳಲ್ಲಿ ನಿಂತು ಓದಬಹುದು. ಅಲ್ಲಿ ಮಕ್ಕಳಿಗೆ ಭಾಯಿ ಸಾಹಿಬ್ ಸಿಂಗರ ಬಗ್ಗೆ ಹೇಳಿ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರು ಎಂದು ಕತ್ತಿ ಹಿರಿದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ನಮ್ಮ ಬೀದರಿನವರು, ಕ್ಷೌರಿಕ ಮನೆತನದವರು! ಪಂಜಾಬಿನ ಚರಿತ್ರೆಯ ನಡುಮಧ್ಯದಲ್ಲಿ ನಮ್ಮೂರ ಹೆಸರು. ಆಮೇಲೆ ಲಂಗರಿನ ಪಂಕ್ತಿಯಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂತು ರೋಟಿ, ದಾಲ್. ಮನೆಯಲ್ಲಿ ಸಾರು ಬೇಡ, ಪಲ್ಯ ಬೇಡ ಎನ್ನುವ ಮಕ್ಕಳು ಇಲ್ಲಿ ಎರಡನೆಯ ಸಲ ಕೈಚಾಚಿದರು.

ಝರಣಿ ನರಸಿಂಹನ ಗುಡಿ ಇನ್ನೊಂದು ಲೋಕ. ಬಂಡೆಯೊಳಗಿನ ಉದ್ದ ಸುರಂಗ, ಅದರ ತುಂಬ ನೀರು, ತುದಿಯಲ್ಲಿ ದೇವರು. ದೊಡ್ಡವರಿಗೆ ಎದೆಮಟ್ಟ ನೀರು. ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ತಲೆಯ ಮೇಲೆ ಬಾವಲಿಗಳು. "ಗೋವಿಂದಾ ಗೋವಿಂದ" ಎಂದು ಮುಂದಿನವರು ಕೂಗಿದರೆ ಹಿಂದಿನವರು, ಗೋಡೆಗಳು ಎಲ್ಲ ಸೇರಿ ಕೂಗುತ್ತವೆ. ನೀರು, ಗಾಳಿಯ ಸ್ಥಿತಿ ನೋಡಿ ಕೆಲವೊಮ್ಮೆ ಒಳಗೆ ಬಿಡುವುದಿಲ್ಲ, ವಿಚಾರಿಸಿಕೊಂಡು ಹೋಗಿ.

ಊರೊಳಗೆ ಚೌಬಾರಾ. ನಾಲ್ಕು ದಾರಿ ಕೂಡುವಲ್ಲಿ ನಿಂತ 71 ಅಡಿಯ ದುಂಡು ಕಾವಲುಗೋಪುರ. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಮಹಮೂದ್ ಗವಾನನ ಮದರಸಾ, 1472ರ ವಿಶ್ವವಿದ್ಯಾಲಯ! ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದವನು ಕಟ್ಟಿಸಿದ ಮೂರಂತಸ್ತಿನ ವಿದ್ಯಾಲಯ. ಮೂರು ಸಾವಿರ ಹಸ್ತಪ್ರತಿಗಳಿದ್ದ ಗ್ರಂಥಾಲಯ ಇತ್ತೆಂದು ಪ್ರತೀತಿ. ಉಳಿದಿರುವ ಒಂದು ಮಿನಾರಿನ ಮೇಲೆ ನೀಲಿ, ಹಸಿರು, ಹಳದಿ ಹೆಂಚುಗಳು ಇನ್ನೂ ಬಿಸಿಲಿಗೆ ಹೊಳೆಯುತ್ತವೆ. ಇನ್ನೊಂದು ಮಿನಾರು ಎಲ್ಲಿ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗೆ ಕೂಡಿಟ್ಟಿದ್ದ ಮದ್ದಿನ ಪುಡಿ ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಕಟ್ಟಿಸಿದವನ ಗತಿ ಇನ್ನೂ ಕರುಣಾಜನಕ. ವೈರಿಗಳು ಅವನ ಮುದ್ರೆ ಒತ್ತಿದ ಸುಳ್ಳು ಪತ್ರ ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ತಲೆ ಹೋಯಿತು. ಪುಸ್ತಕ ಓದಿಸಿದವನನ್ನು ಒಂದು ಕಾಗದ ಕೊಂದಿತು. ಆ ಮುರಿದ ಗೋಡೆಯ ಮುಂದೆ ನನಗೆ ಗಂಟಲು ಕಟ್ಟಿತು.

ಓದಿಸುವುದಕ್ಕಾಗಿ ಹೋರಾಡಿದವರು ಈ ಜಿಲ್ಲೆಯಲ್ಲಿ ಹಿಂದಿನ ಶತಮಾನದಲ್ಲೂ ಇದ್ದರು. ಭಾಲ್ಕಿಗೆ ಹೋಗುವವರು ಹಿರೇಮಠ ಸಂಸ್ಥಾನಕ್ಕೆ ತಪ್ಪದೆ ಹೋಗಿ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಮಠ ಅದು. ಅವರು ಹುಟ್ಟಿದ್ದು ಔರಾದ ಸೀಮೆಯ ಕಮಲನಗರದಲ್ಲಿ, ಬಾಳಿದ್ದು ನೂರು ದಾಟಿ. ಇಂದು ಈ ಗಡಿಯಲ್ಲಿ ಮಕ್ಕಳು ಕನ್ನಡದಲ್ಲಿ ಬೋರ್ಡು ಓದುತ್ತಿದ್ದರೆ ಅದರಲ್ಲಿ ಅವರ ಬೆವರಿದೆ. ಆ ದಾರಿಯ ಹೊಲಗಳಲ್ಲಿ ಕಣ್ಣು ತೆರೆದಿಟ್ಟುಕೊಳ್ಳಿ. ಅದೃಷ್ಟವಿದ್ದರೆ ತೊಗರಿ ಸಾಲಿನ ಆಚೆ ಕೃಷ್ಣಮೃಗಗಳು ಚಂಗನೆ ಹಾರುವುದು ಕಾಣುತ್ತದೆ.

ಮತ್ತೆ ಚೌಬಾರಾಕ್ಕೆ ಬರೋಣ, ಏಕೆಂದರೆ ಬಿದರಿ ಕಲೆಯ ಬಗ್ಗೆ ನಾನು ಇನ್ನೂ ಹೇಳಿಲ್ಲ! ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಇಟ್ಟಿರುವ ಬಿದರಿ ಹುಕ್ಕಾ, ಹೂಜಿಗಳ ಮೊಮ್ಮಕ್ಕಳು ಇಲ್ಲಿ ಬೀದಿಯ ಪಕ್ಕದ ಅಂಗಡಿಯಲ್ಲಿ, ಕಾಲುಗಳ ನಡುವೆ ಸಿಕ್ಕಿಸಿಕೊಂಡ ಕಲ್ಲಿನ ಮೇಲೆ, ಟಕ್ ಟಕ್ ಎಂದು ಹುಟ್ಟುತ್ತಿದ್ದಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಬಳಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಗೀಚಿದ ಗೆರೆ ಕಾಣಲಿ ಎಂದು. ಆ ಗೆರೆಗಳನ್ನು ಅಳತೆಪಟ್ಟಿ, ಕಂಪಾಸು ಯಾವುದೂ ಇಲ್ಲದೆ ಬರಿಗೈಯಲ್ಲಿ ಬಿಡಿಸುತ್ತಾರೆ! ಗೆರೆಯನ್ನು ಸಣ್ಣ ಉಳಿಯಿಂದ ಕೊರೆದು, ಕೂದಲಂಥ ಬೆಳ್ಳಿತಂತಿಯನ್ನು ಅದರಲ್ಲಿ ಇಟ್ಟು ಬಡಿದು ಕೂಡಿಸುತ್ತಾರೆ. ಮತ್ತೆ ಉಜ್ಜಿದಾಗ ಎಲ್ಲ ಬೂದುಬೂದು, ಬೆಳ್ಳಿ ಯಾವುದು ಸತು ಯಾವುದು ಗೊತ್ತೇ ಆಗುವುದಿಲ್ಲ. "ಇಷ್ಟೇನಾ?" ಎಂದು ನಮ್ಮ ಜೊತೆಯ ಹುಡುಗನ ಮುಖ ಸಪ್ಪಗಾಯಿತು.

"ತಡಿಯಪ್ಪಾ, ಖರೇ ಆಟ ಈಗ ಅದ," ಎಂದರು ಹಿರಿಯ ಕುಶಲಕರ್ಮಿ. ನವಸಾಗರ ಮತ್ತು ಕೋಟೆಯ ಮಣ್ಣು ಕಲಸಿದ ನೀರು. ಮಣ್ಣು ಎಲ್ಲಿಯದೋ ನಡೆಯುವುದಿಲ್ಲ. ಹಳೆಯ ಕೋಟೆಯೊಳಗೆ ಶತಮಾನಗಳಿಂದ ಮಳೆ ಬಿಸಿಲು ಕಾಣದ ಜಾಗದ ಮಣ್ಣೇ ಬೇಕು. ಸರಿಯಾದದ್ದು ಹೌದೋ ಅಲ್ಲವೋ ತಿಳಿಯುವುದು ಹೇಗೆ? "ನಾಲಿಗಿಗೆ ಹಚ್ಚಿ ನೋಡಿದ್ರ ಗೊತ್ತಾಗ್ತದ್ರಿ." ಬಿಸಿ ಮಾಡಿದ ಹೂಜಿಗೆ ಆ ನೀರು ತಾಗಿದ್ದೇ ತಡ, ನಮ್ಮ ಕಣ್ಣೆದುರೇ ಸತುವಿನ ಬೂದಿ ಬಣ್ಣ ಮಸಿಗಪ್ಪಾಯಿತು, ಬೆಳ್ಳಿ ಮಾತ್ರ ಒಂದು ಕೂದಲೆಳೆಯೂ ಕಪ್ಪಾಗದೆ ಬಳ್ಳಿಬಳ್ಳಿಯಾಗಿ ಮೇಲೆದ್ದು ನಿಂತಿತು! ಮಕ್ಕಳು ಚೀರಿದರು. ನಾನೂ ಚೀರಿದೆ. ಹಿರಿಯರು ಎಣ್ಣೆ ಬಟ್ಟೆಯಿಂದ ಒರೆಸಿ ಹುಡುಗನ ಕೈಗೆ ಕೊಟ್ಟರು. "ಕೈ ಹಚ್ಚಿ ನೋಡು, ಎಲ್ಲ್ಯಾರ ಗೆರಿ ತಾಕ್ತದೇನು?" ತಾಕಲಿಲ್ಲ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಬೀದರಿನ ಶಾಹ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಕೊಳ್ಳುವವರು ಇವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಒಂದು ಸಣ್ಣ ಡಬ್ಬಿಯ ಹಿಂದೆ ಎಷ್ಟು ಜನರ ಕಣ್ಣು ಸವೆದಿರುತ್ತದೆ ಎಂಬುದನ್ನು ಈಗ ನೋಡಿದ್ದೀರಿ.

ಸಮಯ ಉಳಿಸಿಕೊಂಡು ಅಷ್ಟೂರಿಗೆ ಹೋಗಿ, ಊರಿನಿಂದ ಪೂರ್ವಕ್ಕೆ ನಾಲ್ಕೈದು ಕಿಲೋಮೀಟರು. ಊರಿನ ಪಶ್ಚಿಮದಲ್ಲಿ ಅಲಿ ಬರೀದ್ ತಾನು ಬದುಕಿದ್ದಾಗಲೇ ಕಟ್ಟಿಸಿಕೊಂಡ, ನಾಲ್ಕೂ ಕಡೆ ತೆರೆದ ಗೋರಿಯ ಉದ್ಯಾನ ಮಕ್ಕಳ ಓಟಕ್ಕೆ ಚೆನ್ನ. ಆದರೆ ಅಷ್ಟೂರು ಬಿಟ್ಟು ಬರುವಂತಿಲ್ಲ. ಬಯಲಿನಲ್ಲಿ ಸಾಲಾಗಿ ಬಹಮನಿ ಗುಮ್ಮಟಗಳು. ಸುಲ್ತಾನ ಹುಮಾಯೂನನದು ಸಿಡಿಲಿಗೆ ಸೀಳಿ ಅರ್ಧ ಬಿದ್ದುಹೋಗಿದೆ, ಗುಮ್ಮಟವೊಂದರ ಒಡಲು ಹೇಗಿರುತ್ತದೆ ಎಂದು ಹೊರಗೆ ನಿಂತೇ ನೋಡಬಹುದು. 1436ರಲ್ಲಿ ತೀರಿಕೊಂಡ ಅಹಮದ್ ಶಾಹ ವಲಿಯ ಗೋರಿಯೊಳಗೆ ಮೊದಲು ಕಗ್ಗತ್ತಲೆ. ಒಳಗಿದ್ದವರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ತಿರುಗಿಸಿದರು. ಚಿನ್ನ! ಇಂಗಲೀಕ! ನೀಲಿ! ಇಡೀ ಒಳಮಾಳಿಗೆಯೇ ಬಣ್ಣದ ಬಳ್ಳಿ, ಅಕ್ಷರಗಳಿಂದ ತುಂಬಿಹೋಗಿತ್ತು. ಬೆಳಕಿನ ಚುಕ್ಕೆ ಸರಿದಂತೆಲ್ಲ ಮಕ್ಕಳ ತಲೆಗಳೂ ಸರಿದವು.

ಕೋಟೆ ಕಟ್ಟಿಸಿದ ಆ ಸುಲ್ತಾನನನ್ನು ಮುಸ್ಲಿಮರು ವಲಿ ಎನ್ನುತ್ತಾರೆ, ಅನೇಕ ಲಿಂಗಾಯತ ಭಕ್ತರು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುತ್ತಾರೆ. ಹೋಳಿಯ ಆಸುಪಾಸಿನಲ್ಲಿ, ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಇಲ್ಲಿ ಉರುಸು ನಡೆಯುತ್ತದೆ. ಅದನ್ನು ನಡೆಸಿಕೊಡಲು ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ, ಶಂಖ ಊದುತ್ತಾ ಗೋರಿಯೊಳಗೆ ಹೋಗಿ ಹೂ ಏರಿಸುತ್ತಾರೆ. ಆ ಜಾತ್ರೆಗೆ ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದಲೂ ಜನ ಬರುತ್ತಾರೆ. ಮಕ್ಕಳಿಗೆ ತೊಟ್ಟಿಲು, ಬೆಂಡು ಬತ್ತಾಸಿನ ಸಂಭ್ರಮ ಬೇರೆ. ಮುಂದಿನ ಹೋಳಿಗೆ ನೀವೂ ಬನ್ನಿ. ಚಿದ್ರಿಯ ಹುಡುಗರು ದಾರಿ ತೋರಿಸಲು ಈಗಲೇ ಸಿದ್ಧರಾಗಿದ್ದಾರೆ.